ವಾಲ್ವ್ ಕಿತ್ತು ಎಲ್‌ಇಡಿ ತುರುಕಿದವರಿಗೆ

ನಿನ್ನೆ ನೆಂಟರ ಜೊತೆ ತೀರ್ಥಹಳ್ಳಿ ಕಡೆ ಒಂದು ಹೋಮ್‌ಸ್ಟೇಗೆ ಹೋಗಿದ್ದೆ. ಜಗಲಿ ಮೂಲೆಯಲ್ಲಿ ಹಿತ್ತಾಳೆ ಹಂಡೆ, ಅದರ ಪಕ್ಕ ಒಂದು ಹಳೇ ವಾಲ್ವ್ ಟ್ರಾನ್ಸ್‌ಮಿಟರ್, ಅಂದರೆ ಗಾಜಿನ ವಾಲ್ವ್ ಹಾಕಿ ರೇಡಿಯೋ ಸಂಕೇತ ಕಳಿಸುವ ಪೆಟ್ಟಿಗೆ. ಯಾರೋ ಹ್ಯಾಮ್ (ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋರು) ಕೈಯಾರೆ ಕಟ್ಟಿದ್ದು, ಅಲ್ಯೂಮಿನಿಯಂ ಚಾಸಿಗೆ ಅರದಲ್ಲಿ ಉಜ್ಜಿದ ತೂತು ನೋಡಿದರೇ ಗೊತ್ತಾಗುತ್ತೆ. ಟ್ರಾನ್ಸ್‌ಫಾರ್ಮರ್ ಇಲ್ಲ. 807 ವಾಲ್ವ್ ಕೂರಬೇಕಾದ ಸಾಕೆಟ್ಟಿನಲ್ಲಿ ಹಳದಿ ಎಲ್‌ಇಡಿ! ಕಡುಬು ಗಂಟಲಲ್ಲಿ ಇಳಿಯಲಿಲ್ಲ.

"ಗುಜರಿಗೆ ಹೋಗ್ತಿತ್ತು ಸಾರ್, ನಾವು ಉಳಿಸಿದ್ವಿ" ಅಂದರು ಮನೆಯವರು. ಒಳ್ಳೇ ಜನ, ಅವರ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಉಳಿದದ್ದೇನು? ತಗಡು. ತಂತಿ ಕಿತ್ತ ವೀಣೆಯನ್ನ ಗೋಡೆಗೆ ನೇತುಹಾಕಿ ಉಳಿಸಿದೆ ಅಂದರೆ ನಾನು ಒಪ್ಪಲ್ಲ.

ಕಳೆದ ಮಳೆಗಾಲ ನಾನು ದೊಡ್ಡಪ್ಪನ ಇಂಥದ್ದೇ ಟ್ರಾನ್ಸ್‌ಮಿಟರ್ ರಿಪೇರಿಯಲ್ಲಿ ಕಳೆದೆ. ಅದರ ಒಳಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು. ನಮ್ಮ ಮಲೆನಾಡಿನ ಥಂಡಿ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಒಳಗೂ ಇಳಿದಿತ್ತು. ಆ ಟ್ರಾನ್ಸ್‌ಫಾರ್ಮರನ್ನ ಹದಿನೈದು ದಿನ ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ, ಬೀಜದ ಸೌತೆಕಾಯಿ ಜೊತೆ ಒಣಗಿಸಿದೆ. ಮೇಣದ ಕಾಗದದ ಕೆಪಾಸಿಟರ್ ಒಂದೂ ಬಿಡದೆ ಬದಲಾಯಿಸಿದೆ. ಆಸಿಲೇಟರಿಂದ (ಸಂಕೇತದ ಸ್ವರ ಹುಟ್ಟಿಸುವ ಭಾಗ) 807ರ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನ ಹಿಡಿತದಲ್ಲಿಡುವ ಜಾಲರಿ) ಹೋಗುವ ಒಂದೇ ಒಂದು ಕೆಪಾಸಿಟರ್ ಸೋರಿದರೂ ಸಾಕು, ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಹತ್ತಿ ವಾಲ್ವಿನ ಪ್ಲೇಟು ಕೆಂಡ ಆಗುತ್ತೆ. ಮೊದಲ ಸಲ ಕರೆಂಟು ಕೊಟ್ಟಿದ್ದು 60 ವ್ಯಾಟಿನ ಬಲ್ಬನ್ನ ಸೀರೀಸಿನಲ್ಲಿ ಹಾಕಿ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ ಅಂತ ಉರಿಯುತ್ತೆ, ಟ್ರಾನ್ಸ್‌ಫಾರ್ಮರ್ ಬದುಕುತ್ತೆ.

ಆಮೇಲೆ ಆ ರಾತ್ರಿ. ಪ್ಲೇಟಿಗೆ 600 ವೋಲ್ಟ್. ಮೋರ್ಸ್ ಕೀ ಒತ್ತಿಕೊಂಡು ಟ್ಯೂನಿಂಗ್ ಕಂಡೆನ್ಸರ್ ನಿಧಾನಕ್ಕೆ ತಿರುಗಿಸ್ತಾ ಹೋದರೆ ಮೀಟರಿನ ಮುಳ್ಳು ಒಂದು ಕಡೆ ದಡಕ್ಕನೆ ಕೆಳಗಿಳಿಯಿತು. ಅಲ್ಲಿಗೆ ಶ್ರುತಿ ಕೂಡಿತು. ಡಾ ಡಿಟ್ ಡಾ ಡಿಟ್, ಡಾ ಡಾ ಡಿಟ್ ಡಾ: ಮೋರ್ಸ್‌ನಲ್ಲಿ ಸಿಕ್ಯೂ, 'ಯಾರಾದರೂ ಇದ್ದೀರಾ' ಅಂತ ಕೂಗು. 7 ಮೆಗಾಹರ್ಟ್ಸ್‌ನಲ್ಲಿ ಒಬ್ಬರು ಉತ್ತರ ಕೊಟ್ಟರು: 579ಸಿ. ಅಂಕಿಗಳು ನಿಮ್ಮ ಸಿಗ್ನಲ್ ಎಷ್ಟು ಚೆನ್ನಾಗಿ ಕೇಳ್ತಿದೆ ಅಂತ. ಕೊನೆಯ 'ಸಿ' ಅಂದರೆ ನಿಮ್ಮ ಸ್ವರ ಹಕ್ಕಿ ಚಿಲಿಪಿಲಿ ಥರ ಜಾರುತ್ತಿದೆ ಅಂತ. ಹಳೇ ಕ್ರಿಸ್ಟಲ್ ಆಸಿಲೇಟರಿನ ಗುಣ ಅದು. ದೊಡ್ಡಪ್ಪನ ಸ್ವರವೂ ಹಾಗೇ ಜಾರ್ತಿತ್ತೇನೋ ಅನ್ನಿಸಿ ಕಣ್ಣು ತುಂಬಿ ಬಂತು.

ಎಲ್‌ಇಡಿಗೆ ಜಾರುವ ಸ್ವರ ಎಲ್ಲಿಂದ ಬರಬೇಕು?

ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡ್ತೀನಿ. ದೊಡ್ಡಪ್ಪ ತೀರಿಕೊಂಡ ವರ್ಷ ಅವರ ರೇಡಿಯೋ ರಿಸೀವರನ್ನ ಗುಜರಿಯವನಿಗೆ ಹೊತ್ತು ಕೊಟ್ಟಿದ್ದು ನಾನೇ. ನಮ್ಮ ಅಂಗಳದಲ್ಲೇ ಕೂತು ಸುತ್ತಿಗೆಯಲ್ಲಿ ಒಡೆದು ತಾಮ್ರ ಬೇರೆ ಮಾಡಿದ. ಗಾಜು ಒಡೆದ ಸದ್ದು ಕೇಳಿ ದೊಡ್ಡಮ್ಮ ಒಳಗೆ ಹೋದವರು ಸಂಜೆವರೆಗೂ ಹೊರಗೆ ಬರಲಿಲ್ಲ. ಟ್ರಾನ್ಸ್‌ಮಿಟರ್ ಉಳಿದದ್ದು ಅವತ್ತು ಅಟ್ಟದಿಂದ ಇಳಿಸೋಕೆ ಆಗದಷ್ಟು ಭಾರ ಇತ್ತು ಅಂತ ಮಾತ್ರ.

ಸಾಗರ, ಹೊಸನಗರ, ಕೊಪ್ಪ ಕಡೆಯ ಗೆಳೆಯರೇ, ನಿಮ್ಮ ಅಟ್ಟದಲ್ಲಿ ಇಂಥದ್ದೇನಾದರೂ ಇದ್ದರೆ ದಯವಿಟ್ಟು ಪ್ಲಗ್ ಹಾಕಿ ನೋಡಬೇಡಿ. ಒಳಗೆ ಕೈಯಂತೂ ಇಡಲೇಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನಿಂತ ಕರೆಂಟು ಜೀವ ತೆಗೆಯುತ್ತೆ. ನನಗೊಂದು ಮಾತು ತಿಳಿಸಿ, ಬರ್ತೀನಿ. ಆ ಹೋಮ್‌ಸ್ಟೇಯವರಿಗೂ ಹೇಳಿ ಬಂದಿದ್ದೀನಿ: ನನ್ನ ಹತ್ತಿರ ಇನ್ನೊಂದು 807 ಇದೆ, ಟ್ರಾನ್ಸ್‌ಫಾರ್ಮರ್ ಸುತ್ತಿಸೋ ಖರ್ಚೂ ನನ್ನದೇ. ಬರೋ ಭಾನುವಾರ ಬರಲಾ ಅಂತ ಕೇಳಿದ್ದೀನಿ.