ಇದು ನನ್ನದಲ್ಲ, ಇಂತಿ ವಾರ್ಹಾಲ್

ಮಳೆ ಬರುತ್ತದೆಯೇ ಎಂದು ಮೊಬೈಲ್ ತೆರೆದರೂ ಈಗ ಆ ಜಾಹೀರಾತೇ ಅಡ್ಡ ಬರುತ್ತದೆ. ಯಾವುದೋ ತಾರೆಯ ಮುಖ, ಕೆಳಗೆ ಪೆನ್ಸಿಲ್‌ನ ಗೀಚು, ಪಕ್ಕದಲ್ಲಿ 112/250, ಅಂದರೆ 250 ಅಚ್ಚುಪ್ರತಿಗಳಲ್ಲಿ ಇದು 112ನೆಯದು. ‘ಕಲಾವಿದರ ಸ್ವಂತ ಸಹಿ, ಸೀಮಿತ ಆವೃತ್ತಿ, ಅಸಲಿ ಎಂಬ ಪ್ರಮಾಣಪತ್ರ ಉಚಿತ.’ ಅಸಲಿತನಕ್ಕೆ ತನ್ನಲ್ಲಿ ಕಾಸಿನ ಬೆಲೆಯೂ ಇಲ್ಲವೆಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ವ್ಯಾಪಾರಿಗೆ ನಮಸ್ಕಾರ.

ಈ ಉದ್ಯಮದ ಮೂಲಪುರುಷ ಸೆನೆಫೆಲ್ಡರ್ ಎಂಬ ಬಡ ನಾಟಕಕಾರ. ನಾಟಕ ಅಚ್ಚು ಹಾಕಿಸಲು ದುಡ್ಡಿಲ್ಲದೆ, 1796ರ ಹೊತ್ತಿಗೆ ಜರ್ಮನಿಯ ಬವೇರಿಯಾದಲ್ಲಿ ಸುಣ್ಣಕಲ್ಲುಗಳ ಜೊತೆ ಗುದ್ದಾಡುತ್ತಿದ್ದ. ತಾಯಿ ಅಗಸರಿಗೆ ಹಾಕುವ ಬಟ್ಟೆಯ ಲೆಕ್ಕ ಹೇಳಿದಾಗ ಕೈಗೆ ಕಾಗದ ಸಿಗದೆ ಕಲ್ಲಿನ ಮೇಲೆಯೇ ಬರೆದನಂತೆ. ಕಲ್ಲಚ್ಚಿನ, ಅಂದರೆ ಲಿಥೋಗ್ರಫಿಯ, ದಾರಿ ತೆರೆದದ್ದು ಆಗಲೇ ಅಂತೆ. ಒಟ್ಟಿನಲ್ಲಿ ಅಗ್ಗಕ್ಕೆ ನೂರಾರು ಪ್ರತಿ ತೆಗೆಯಲೆಂದೇ ಹುಟ್ಟಿದ ವಿದ್ಯೆ. ಅದನ್ನು ನಂಬಿಯೇ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದರು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ನಮ್ಮ ದೇವರ ಮನೆಗಳಿಗೆ ಬಂದು, ಗಾಜಿನ ಮೇಲೆ ಕುಂಕುಮ ಮೆತ್ತಿಸಿಕೊಂಡು, ಊದುಬತ್ತಿಯ ಹೊಗೆ ಕುಡಿದು ಕಪ್ಪಾದರು. ಯಾವ ಅಜ್ಜಿಯೂ ಲಕ್ಷ್ಮಿಯ ಪಾದದ ಬಳಿ ಪ್ರತಿ ಸಂಖ್ಯೆ ಹುಡುಕಲಿಲ್ಲ.

ಸಂಖ್ಯೆಯ ಮಹಿಮೆ ಗೊತ್ತಿರಲಿಲ್ಲ, ಪಾಪ. ಕಲ್ಲು ಇನ್ನೂ ಪ್ರತಿ ಕೊಡುತ್ತೇನೆ ಎಂದರೂ ಅದರ ಮೇಲಿನ ಚಿತ್ರವನ್ನು ಉಜ್ಜಿ ಅಳಿಸಿಬಿಡುವುದೇ ಸೀಮಿತ ಆವೃತ್ತಿ. ಆ ಮಿತಿಗೂ ಹಿಂಬಾಗಿಲಿದೆ: ಕಲಾವಿದನ ಪ್ರತಿ, ಮುದ್ರಕನ ಪ್ರತಿ, ‘ಮಾರಾಟಕ್ಕಲ್ಲ’ ಎಂಬ ಪ್ರತಿ. ಕೊನೆಯದೂ ಮಾರಾಟವಾಗುತ್ತದೆ, ಹೆದರಬೇಡಿ. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1967ರಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿಸಿದ ಮರ್ಲಿನ್ ಮನ್ರೋ ಮುಖಗಳು 250ಕ್ಕೆ ಸೀಮಿತ. ಅದರ ಮೇಲೆ, ಸಂಖ್ಯೆಯ ಬದಲು ಎ ಇಂದ ಝಡ್‌ವರೆಗಿನ ಅಕ್ಷರ ಹೊತ್ತ ಇನ್ನೂ 26.

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಇವರೆಲ್ಲರಿಗೂ ಗುರು. ಚಿತ್ರ ಬರೆದು ಸಹಿ ಹಾಕುವ ಹಳೆಯ ಕ್ರಮವನ್ನೇ ತಿರುಗಿಸಿ, ಮೊದಲು ಸಹಿ, ಚಿತ್ರ ಆಮೇಲೆ ಎಂದ. 1974ರಲ್ಲಿ ಫ್ರಾನ್ಸಿನ ಸುಂಕದವರು ಪಕ್ಕದ ಪುಟ್ಟ ದೇಶ ಆಂಡೊರಾಕ್ಕೆ ಹೊರಟಿದ್ದ ಲಾರಿ ತಡೆದರೆ, ಒಳಗೆ ಅವನ ಸಹಿ ಹೊತ್ತ 40,000 ಖಾಲಿ ಹಾಳೆ! ನಮ್ಮೂರಿನ ಸಾಹುಕಾರ ಸಾಲಗಾರನಿಂದ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮೋಸಗಾರ. ಇಲ್ಲಿ ಹೆಬ್ಬೆಟ್ಟು ಒತ್ತಿದವನೇ ಸಾಹುಕಾರ.

ವಾರ್ಹಾಲ್ ಇನ್ನೂ ಒಂದು ಕೈ ಮೇಲೆ. 1970ರಲ್ಲಿ ಬೆಲ್ಜಿಯಂನ ಕೆಲವರು ಅದೇ ಮರ್ಲಿನ್‌ಗಳನ್ನು ಮತ್ತೆ ಅಚ್ಚು ಹಾಕಿ, ಹಿಂಬದಿಗೆ ‘ನಿಮ್ಮ ಸಹಿ ನೀವೇ ಹಾಕಿಕೊಳ್ಳಿ’ ಎಂದು ಮೊಹರು ಒತ್ತಿದರು. ಯಾರಾದರೂ ಆ ಪ್ರತಿ ತಂದು ಮುಂದೆ ಹಿಡಿದರೆ ವಾರ್ಹಾಲ್ ಬರೆದುಕೊಡುತ್ತಿದ್ದ: ‘ಇದು ನನ್ನದಲ್ಲ. ಆಂಡಿ ವಾರ್ಹಾಲ್.’ ಈ ನಿರಾಕರಣೆ ಇರುವ ಪ್ರತಿಗೆ, ಇಲ್ಲದ ಪ್ರತಿಗಿಂತ ಬೆಲೆ ಹೆಚ್ಚು.

ಹಾಗಾದರೆ ‘ಇದು ನನ್ನದು’ ಎಂದು ಸಹಿ ಹಾಕಿದ್ದಕ್ಕೆ? 1965ರದ್ದು, ಅವನದೇ ಮುಖದ ಕೆಂಪು ಚಿತ್ರವೊಂದಿದೆ. ಅವನೇ ಸಹಿ ಹಾಕಿ ಗೆಳೆಯನಿಗೆ ಅರ್ಪಿಸಿದ್ದು; 1970ರಲ್ಲಿ ಬಂದ ಅವನ ಕೃತಿಗಳ ಸೂಚಿಗೆ ಮುಖಪುಟವಾದದ್ದು. ಅವನು ಸತ್ತ ಮೇಲೆ ಹುಟ್ಟಿದ ದೃಢೀಕರಣ ಮಂಡಳಿ, ಇದು ವಾರ್ಹಾಲ್ ಕೃತಿ ಅಲ್ಲ ಎಂದಿತು. ಅಚ್ಚು ಹಾಕುವಾಗ ಅವನು ಪಕ್ಕದಲ್ಲಿ ಇರಲಿಲ್ಲವಂತೆ. ಅದೇ ಸರಣಿಯ ಇನ್ನೊಂದು ಚಿತ್ರ ಕೊಂಡವನಿಗೆ ಸಿಕ್ಕಿದ್ದು ಹಿಂಬದಿಯಲ್ಲಿ ‘ತಿರಸ್ಕೃತ’ ಎಂಬ ಕೆಂಪು ಮೊಹರು. ಎರಡು ಸಲ ಕಳಿಸಿದ, ಎರಡು ಸಲವೂ ಅದೇ. 2007ರಲ್ಲಿ ಮೊಕದ್ದಮೆ ಹೂಡಿದ. ದುಡ್ಡು ಮುಗಿದು ಕೈಬಿಟ್ಟ.

ಇಲ್ಲಿ ನನಗೆ ನಗು ಬರುವುದಿಲ್ಲ. ಕೋಟ್ಯಧಿಪತಿಗಳು ಕೋಟ್ಯಧಿಪತಿಗಳನ್ನು ದೋಚಿಕೊಂಡರೆ ನಮಗೇನು, ದೋಚಿಕೊಳ್ಳಲಿ. ಆದರೆ ಅಮೆರಿಕದ ಹವಾಯಿ ದ್ವೀಪಗಳ ಹೊನಲುಲುವಿನ ಗ್ಯಾಲರಿಯೊಂದು ನಕಲಿ ಡಾಲಿಗಳನ್ನು ‘ಹೂಡಿಕೆ’ ಎಂದು ತಲೆಗೆ ಕಟ್ಟಿದ್ದು ರಜೆಗೆ ಬಂದ ಸಾಮಾನ್ಯ ಜನರಿಗೆ. 1990ರಲ್ಲಿ ಶಿಕ್ಷೆಯೇನೋ ಆಯಿತು. ಇಂಥ ಎಷ್ಟೋ ‘ಕಲ್ಲಚ್ಚು’ಗಳ ಮೇಲೆ ಭೂತಗನ್ನಡಿ ಇಟ್ಟರೆ ಕಾಣುವುದು ಕಲ್ಲಿನ ಒರಟು ಮಸಿಯಲ್ಲ, ಕ್ಯಾಲೆಂಡರಿನಲ್ಲಿರುವ ಸಾಲು ಸಾಲು ಚುಕ್ಕಿ, ಅಂದರೆ ಫೋಟೊ ತೆಗೆದು ಯಂತ್ರದಲ್ಲಿ ಒತ್ತಿದ ಗುರುತು. ಅದನ್ನು ನೋಡಲು ಹತ್ತು ಸೆಕೆಂಡು ಸಾಕು. ಮಾರುವವನಿಗೆ ಅದು ಗೊತ್ತು, ಗೊತ್ತಿದ್ದೇ ಮಾರುತ್ತಾನೆ.

ವಾರ್ಹಾಲ್‌ನ ಆ ದೃಢೀಕರಣ ಮಂಡಳಿಯೂ 2012ರಲ್ಲಿ ಬಾಗಿಲು ಹಾಕಿತು. ವಕೀಲರಿಗೆ ಸುರಿದು ಸುಸ್ತಾಗಿತ್ತು. ಈಗ ಯಾರನ್ನು ಕೇಳುವುದು? ವಾರ್ಹಾಲ್ 1987ರಲ್ಲೇ ತೀರಿಕೊಂಡ. ಬದುಕಿದ್ದಿದ್ದರೂ ಉತ್ತರ ಬರೆದು ಕೆಳಗೆ ಸಹಿ ಹಾಕುತ್ತಿದ್ದ, ಆ ಕಾಗದವೂ ಹರಾಜಿಗೆ ಹೋಗುತ್ತಿತ್ತು.