ಬೆಂದ ಕೋಳಿ ಬಿಡಿ, ಕೊಯ್ಯೋನ ಕೈ ನೋಡಿ

ಇವತ್ತು ಬೆಳಿಗ್ಗೆ ಚಿಕನ್ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಂತು ಬಂದಿದ್ದೇನೆ. ಸಾರು ಒಲೆ ಮೇಲಿದೆ. ತಲೆ ಅದಕ್ಕಿಂತ ಜಾಸ್ತಿ ಕುದಿಯುತ್ತಿದೆ.

ವಾಟ್ಸಾಪ್‌ನಲ್ಲಿ ಮತ್ತೆ ಹಕ್ಕಿ ಜ್ವರದ ಮೆಸೇಜು ಓಡಾಡುತ್ತಿದೆ. ಯಾವ ವರ್ಷದ್ದೋ ಫೋಟೋ, ಯಾವ ಊರಿನದೋ ಸತ್ತ ಕೋಳಿ. ಸಾಲಿನಲ್ಲೂ ಅದೇ ಮಾತು. ನನ್ನ ಮುಂದಿದ್ದ ಯಜಮಾನರು ಎಲ್ಲರಿಗೂ ಪಾಠ ಮಾಡುತ್ತಿದ್ದರು. "ನಾವು ಬೇಯಿಸೋ ಬೇಯಿಸಾಟಕ್ಕೆ ವೈರಸ್ ಅಲ್ಲ, ಅದರ ತಾತನೂ ಉಳಿಯಲ್ಲ. ಆರಾಮಾಗಿ ತಿನ್ರೀ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮಾತು ಸರಿಯೇ. ಒಳಗಿನವರೆಗೂ 70 ಡಿಗ್ರಿ ಬಿಸಿ ತಾಗಿದರೆ ಆ ವೈರಸ್ ಸಾಯುತ್ತದೆ. ನಮ್ಮ ಸಾರು ಅದಕ್ಕಿಂತ ಎಷ್ಟೋ ಮೇಲೆ ಕುದಿಯುತ್ತದೆ.

ಅದೇ ಹೊತ್ತಿಗೆ ಒಳಗೆ ಹುಡುಗ ಕೋಳಿ ಕೊಯ್ಯುತ್ತಿದ್ದ. ಇಪ್ಪತ್ತು ವರ್ಷ ಇರಬಹುದು. ಬನಿಯನ್, ಬರಿಗೈ, ಹವಾಯಿ ಚಪ್ಪಲಿ. ಕತ್ತು ಕೊಯ್ದು ನೀಲಿ ಡ್ರಮ್ಮಿಗೆ ಹಾಕುತ್ತಾನೆ. ಅದು ಒಳಗೆ ದಬದಬ ಬಡಿದುಕೊಳ್ಳುತ್ತದೆ. ಅಷ್ಟರಲ್ಲಿ ಬೋನಿನಿಂದ ಇನ್ನೊಂದನ್ನು ಎಳೆದಿರುತ್ತಾನೆ. ಒಂದು ಸಲ ರಕ್ತದ ಹನಿ ಮುಖಕ್ಕೆ ಹಾರಿತು. ತೋಳಿನಿಂದ ಕಣ್ಣೊರೆಸಿಕೊಂಡ. ಆ ತೋಳಿಗೂ ರಕ್ತ, ಪುಕ್ಕ ಮೆತ್ತಿಕೊಂಡಿತ್ತು. ಆಮೇಲೆ ಅದೇ ಕೈಯಲ್ಲಿ ಕಟ್ಟೆ ಮೇಲಿದ್ದ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದ. ಯಾರೂ ನೋಡಲಿಲ್ಲ. ಹೊರಗೆ ಕುಕ್ಕರ್ ಮೂರು ವಿಷಲ್ಲೋ ನಾಲ್ಕೋ ಅನ್ನೋ ಚರ್ಚೆ ಜೋರಾಗಿತ್ತು.

ನನ್ನ ಸಿಟ್ಟು ಇಷ್ಟೇ. ಹಕ್ಕಿ ಜ್ವರ ಅಂದ ಕೂಡಲೇ ನಮಗೆ ಹೊಳೆಯೋದು ಒಂದೇ ಪ್ರಶ್ನೆ: ತಿನ್ನಬಹುದಾ, ತಿನ್ನಬಾರದಾ? ಟಿವಿಯವರಿಗೂ ಅದೇ, ಮೈಕ್ ಮುಂದೆ ನಿಂತ ಮಂತ್ರಿಗಳಿಗೂ ಅದೇ. ಸ್ವಾಮಿ, ಅದು ಮನುಷ್ಯನಿಗೆ ಹತ್ತೋದು ಬೆಂದ ತುಂಡಿನಿಂದಲ್ಲ. ಕಾಯಿಲೆ ಬಿದ್ದ ಹಕ್ಕಿಯ ಜೊಲ್ಲು, ಹಿಕ್ಕೆ, ರಕ್ತ, ಪುಕ್ಕದ ಧೂಳು ಇವುಗಳಿಂದ. ಅಂದರೆ ಕೊಯ್ಯೋನು, ಫಾರಂ ಗುಡಿಸೋನು, ಲಾರಿಗೆ ಬೋನು ತುಂಬೋನು, ಹಿತ್ತಲಲ್ಲಿ ಕೋಳಿ ಸಾಕೋ ಹೆಂಗಸು. ಇವರ ಸುದ್ದಿ ಯಾರ ಬಾಯಲ್ಲೂ ಇಲ್ಲ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಅನ್ನೋ ಹಕ್ಕಿ ಜ್ವರದ ವೈರಸ್ ಮೊದಲ ಸಲ ಮನುಷ್ಯರಿಗೆ ಹತ್ತಿದಾಗ 18 ಜನ ಕಾಯಿಲೆ ಬಿದ್ದರು, 6 ಜನ ಸತ್ತರು. ಜೀವಂತ ಕೋಳಿ ಮಾರುವ ಮಾರುಕಟ್ಟೆಗಳ ಕಡೆಗೇ ಬೆರಳು ಹೋಯಿತು. ಅಲ್ಲಿಯವರು ಕೆಲವೇ ದಿನದಲ್ಲಿ ಸುಮಾರು 15 ಲಕ್ಷ ಕೋಳಿ ಕೊಂದುಹಾಕಿದರು. 2003ರಿಂದ ಈಚೆಗೆ ಜಗತ್ತಿನಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 900ಕ್ಕೂ ಜಾಸ್ತಿ. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಉಳಿದಿಲ್ಲ. (ಲೆಕ್ಕಕ್ಕೇ ಸಿಗದ ಸಣ್ಣ ಜ್ವರಗಳು ಎಷ್ಟಿದ್ದವೋ, ಆ ಮಾತು ಬೇರೆ.)

ಆ ಹುಡುಗ ಕಣ್ಣೊರೆಸಿಕೊಂಡಿದ್ದು ಯಾಕೆ ನನ್ನ ತಲೆಯಲ್ಲಿ ಕೂತಿತು ಗೊತ್ತಾ? 2024ರಲ್ಲಿ ಅಮೆರಿಕದಲ್ಲಿ ಈ ವೈರಸ್ ಹಸುಗಳಿಗೇ ಬಂತು. ಟೆಕ್ಸಸ್‌ನ ಡೈರಿಯಲ್ಲಿ ಕೆಲಸ ಮಾಡೋ ಒಬ್ಬನಿಗೆ ಜ್ವರ ಇಲ್ಲ, ಕೆಮ್ಮಿಲ್ಲ. ಕಣ್ಣು ಮಾತ್ರ ಕೆಂಪಗಾಗಿತ್ತು. ಪರೀಕ್ಷೆ ಮಾಡಿದರೆ ಎಚ್5ಎನ್1. ಆಮೇಲೆ ಅಲ್ಲಿ ಸಿಕ್ಕ ಸುಮಾರು 70 ಜನರಲ್ಲಿ ಹೆಚ್ಚಿನವರು ಡೈರಿ ಮತ್ತು ಕೋಳಿ ಫಾರಂ ಕೆಲಸಗಾರರೇ. ನಮ್ಮ ಅಂಗಡಿ ಹುಡುಗನಿಗೆ ಕಣ್ಣು ಕೆಂಪಾದರೆ ಏನಾಗುತ್ತೆ? "ಮದ್ರಾಸ್ ಐ ಕಣೋ" ಅಂತಾರೆ. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರಿಸ್ತಾರೆ. ಮಧ್ಯಾಹ್ನ ಮತ್ತೆ ಕತ್ತಿ ಕೈಗೆ.

ದೂರದ ಮಾತೇ ಬೇಡ ಅಂತೀರಾ? 2025ರ ಮಾರ್ಚ್‌ನಲ್ಲಿ ಪಕ್ಕದ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗು ಹಕ್ಕಿ ಜ್ವರದಿಂದ ತೀರಿಕೊಂಡಿತು. ಮನೆಯಲ್ಲಿ ಕೋಳಿ ಹೆಚ್ಚುವಾಗ ಒಂದು ಹಸಿ ತುಂಡು ಮಗುವಿನ ಬಾಯಿಗೆ ಹೋಗಿತ್ತು ಅಂತ ಸುದ್ದಿ ಬಂತು. ಬೇಯಿಸಿ ತಿಂದ ಮನೆಯವರಿಗೆ ಏನೂ ಆಗಲಿಲ್ಲ. ಅದನ್ನು ಓದಿದ ದಿನ ನಾನು ರಾತ್ರಿ ಊಟ ಮಾಡಿಲ್ಲ. ನಮ್ಮಮ್ಮ ಕೋಳಿ ಹೆಚ್ಚುವಾಗ ನಾವೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆವು, ಅದಕ್ಕೆ.

ಈಗ ಕಾಮೆಂಟಿನಲ್ಲಿ ಬರೋರು ಗೊತ್ತು. "ಹೀಗೆಲ್ಲ ಬರೆದು ಕೋಳಿ ಸಾಕೋರ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ." ಒಪ್ಪಿದೆ, ಅವರ ಕಷ್ಟ ಸುಳ್ಳಲ್ಲ. 2020ರಲ್ಲಿ ಕೋಳಿಯಿಂದ ಕೊರೋನಾ ಬರುತ್ತೆ ಅನ್ನೋ ಗಾಳಿಸುದ್ದಿಗೆ ರೇಟು ಬಿದ್ದು, ಬೆಳಗಾವಿ ಜಿಲ್ಲೆಯ ರೈತರೊಬ್ಬರು ಸುಮಾರು 6,000 ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದ ವಿಡಿಯೋ ನೆನಪಿದೆಯಲ್ಲ? ಆ ಗಾಳಿಸುದ್ದಿಯನ್ನು ಮೂರು ಗ್ರೂಪಿಗೆ ಕಳಿಸಿದವಳು ನಾನೇ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಆದರೆ ಯೋಚನೆ ಮಾಡಿ, ಅವತ್ತು ರೇಟು ಬಿದ್ದಿದ್ದು ಯಾಕೆ? ತಟ್ಟೆಯ ಮಾತಾಡಿದ್ದಕ್ಕೆ. ಕೊಯ್ಯೋನಿಗೆ ಗ್ಲೌಸು ಕೊಡಿ, ಕನ್ನಡಕ ಕೊಡಿ, ಕೈ ತೊಳೆಯೋಕೆ ಸೋಪಿಡಿ ಅಂದರೆ ಯಾವ ರೇಟು ಬೀಳುತ್ತೆ?

ಇನ್ನೊಬ್ಬರು, "ಮೂವತ್ತು ವರ್ಷದಿಂದ ಹಿಂಗೇ ಕುಯ್ತಿದಾರೆ, ಏನಾಗಿದೆ?" 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, ದಾವಣಗೆರೆ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ. ಎಲ್ಲ ಕಡೆ ಕೋಳಿ ಸತ್ತವು, ಮನುಷ್ಯರು ಬಚಾವು. ಹೌದು. ಇವತ್ತಿನವರೆಗೂ ಇದು ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹರಡೋದನ್ನು ಕಲಿತಿಲ್ಲ. ಆದರೆ ಮಾಮೂಲಿ ಫ್ಲೂ ಇರೋ ಮೈಯೊಳಗೆ ಇದೂ ಹೊಕ್ಕರೆ ಎರಡೂ ತಮ್ಮ ತುಣುಕುಗಳನ್ನು ಅದಲು ಬದಲು ಮಾಡಿಕೊಳ್ಳಬಹುದು. ಅಲ್ಲಿಂದ ಹೊಸ ತಳಿ ಹುಟ್ಟಬಹುದು. ಅದಕ್ಕೇ ಫಿನ್ಲೆಂಡ್‌ನವರು 2024ರಲ್ಲೇ ಸುಮಾರು 10,000 ಕೆಲಸಗಾರರಿಗೆ ಲಸಿಕೆ ಕೊಡೋಕೆ ಹೊರಟರು. ನಾವು ಫಿನ್ಲೆಂಡ್ ಅಲ್ಲ, ಗೊತ್ತು. ಒಂದು ಸೋಪು ಕೇಳ್ತಿದೀನಿ ಅಷ್ಟೇ.

ತಮಾಷೆ ನೋಡಿ. ಎಲ್ಲಾದರೂ ಹಕ್ಕಿ ಜ್ವರ ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿ ಕೊಲ್ಲೋಕೆ ಸಿಬ್ಬಂದಿ ಬರುತ್ತಾರೆ. ಮೈ ತುಂಬ ಬಿಳಿ ಉಡುಪು, ಮಾಸ್ಕು, ಕನ್ನಡಕ. ಬರಲೇಬೇಕು, ತಪ್ಪಲ್ಲ. ಒಂದು ದಿನ ಕೊಲ್ಲೋರಿಗೆ ಅಷ್ಟು ರಕ್ಷಣೆ, ದಿನಾ ಕೊಲ್ಲೋನಿಗೆ ಬನಿಯನ್.

ನನ್ನ ಸರದಿ ಬಂದಾಗ ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ. "ಗ್ಲೌಸ್ ಹಾಕ್ಕೊಳಲ್ವೇನೋ ತಮ್ಮ?" ನಕ್ಕ. ಎಡಗೈ ತೋರುಬೆರಳು ತೋರಿಸಿದ, ತುದಿ ಇರಲಿಲ್ಲ. "ಹಾಕ್ಕೊಂಡೇ ಹಿಂಗಾಗಿದ್ದು ಅಕ್ಕ. ನೆಂದ್ರೆ ಜಾರುತ್ತೆ. ವಿತ್ ಸ್ಕಿನ್ನಾ, ಸ್ಕಿನ್ ಔಟಾ?" ಇಷ್ಟು ಹೊತ್ತು ಎದೆಯುಬ್ಬಿಸಿಕೊಂಡು ನಿಂತಿದ್ದವಳು ಸುಮ್ನೆ "ಸ್ಕಿನ್ ಔಟ್" ಅಂದೆ. ಜಾರದ ಗ್ಲೌಸೂ ಸಿಗುತ್ತವೆ. ಅದರ ದುಡ್ಡು ಕೊಡೋರ್ಯಾರು ಅಂತ ಗಲ್ಲಾದಲ್ಲಿ ಕೂತವರನ್ನು ಕೇಳೋ ಧೈರ್ಯ ಮಾತ್ರ ಬರಲಿಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ. ಊರಲ್ಲಿ ನಮ್ಮ ಮನೆ ಹಿತ್ತಲಲ್ಲೂ ಕೋಳಿ ಸಾಕುತ್ತಾರೆ. ಕೊಕ್ಕರೆ ರೋಗ ಬಂದು ಕೋಳಿ ತೂಕಡಿಸೋಕೆ ಶುರು ಮಾಡಿದರೆ, ಸಾಯೋಕೆ ಮುಂಚೆ ಕೊಯ್ದು ಸಾರು ಮಾಡಿಬಿಡುತ್ತಿದ್ದರು. ದಂಡ ಆಗಬಾರದಲ್ಲ. ಕಾಲು ಹಿಡಿಯೋ ಕೆಲಸ ನನ್ನದು. ಹೋದ ತಿಂಗಳು ಊರಿಗೆ ಹೋದಾಗ ಎರಡು ಕೋಳಿ ಬೆಳಗಾಗೋದರಲ್ಲಿ ಸತ್ತು ಬಿದ್ದಿದ್ದವು. ಕಾಲು ಹಿಡಿದು ಎತ್ತಿ ತಿಪ್ಪೆಗೆ ಬಿಸಾಕಿದ್ದು, ಇಷ್ಟುದ್ದ ಬರೆಯುತ್ತಿರೋ ಈ ನಾನೇ. ಬರಿಗೈಯಲ್ಲಿ. ಪಶು ಆಸ್ಪತ್ರೆಗೆ ಹೇಳಲೂ ಇಲ್ಲ.

ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಇನ್ಮೇಲೆ ಕೋಳಿ ಸತ್ತರೆ ಮುಟ್ಟಬೇಡ, ಮೊದಲು ಡಾಕ್ಟರಿಗೆ ಹೇಳು ಅಂದೆ.

"ಅವ್ರು ಬಂದು ಇರೋ ಕೋಳಿನೆಲ್ಲ ಸಾಯ್ಸಿ ಹೋದ್ರೆ?"

"ಸರ್ಕಾರ ಪರಿಹಾರ ಕೊಡುತ್ತೆ ಕಣಮ್ಮ."

"ನಿಮ್ಮಪ್ಪಂದು ಬೆಳೆ ಪರಿಹಾರ ಬಂತಾ?" ಅಂದವಳೇ ಫೋನಿಟ್ಟಳು.