ಕೋರಂ ಆಯಿತು, ಕುಕ್ಕರ್ ಇಳಿಸಿ

ಸೆಪ್ಟೆಂಬರ್ 8ರ ಬೆಳಿಗ್ಗೆ ನನ್ನ ಹೆಂಡತಿ ಕಾಫಿ ಲೋಟದ ಜೊತೆ ಒಂದು ಕಾಗದವನ್ನೂ ತಂದಿಟ್ಟಳು. ನೋಟಿಸ್. ಇದೇ ತಿಂಗಳ 30ರಂದು ಬೆಳಿಗ್ಗೆ 11ಕ್ಕೆ ಕಂಪನಿಯ ನೋಂದಾಯಿತ ಕಚೇರಿಯಲ್ಲಿ ವಾರ್ಷಿಕ ಮಹಾಸಭೆ ಉಂಟು, ತಾವು ಹಾಜರಿರಬೇಕು ಅಂತ. ನೋಂದಾಯಿತ ಕಚೇರಿ ಅಂದರೆ ನಮ್ಮ ಮನೆಯ ಚಾವಡಿ. ನಾನು ಕಾಫಿಗೆ ಕಾಯುತ್ತಾ ಕೂತಿದ್ದದ್ದೂ ಅಲ್ಲೇ.

"ಈಗಲೇ ಮಾಡಿ ಮುಗಿಸುವ ಅಲ್ವಾ? ಇಬ್ಬರೂ ಇದ್ದೇವಲ್ಲ" ಅಂದೆ.

"ಆಗುವುದಿಲ್ಲ. 21 ಪೂರ್ತಿ ದಿನ ಬೇಕು. ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. ಬೇಗ ಬೇಕಾದರೆ ಅವಸರಕ್ಕೆ ಒಪ್ಪಿಗೆ ಉಂಟು ಅಂತ ಬರೆದುಕೊಡಿ."

ಬರೆಯುವುದಕ್ಕಿಂತ ಕಾಯುವುದೇ ಸುಲಭ ಅಂತ ಸುಮ್ಮನಾದೆ.

ನಮ್ಮದು ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಮಾಡುವ ಕಂಪನಿ. ಉಡುಪಿಯ ಅಂಬಲಪಾಡಿ ಕಡೆ ಮನೆ. ಮನೆಯ ಹಿಂದೆ ಮಾಡು, ಮಾಡಿನ ಕೆಳಗೆ ಒಂದು ಒತ್ತುವ ಮೆಷಿನ್. 2017ರಲ್ಲಿ ಹೆಂಡತಿಯ ಅಕ್ಕನ ಮಗ ಬೆಂಗಳೂರಿನಿಂದ ಬಂದು ಹಪ್ಪಳ ತಿನ್ನುತ್ತಾ ಹೇಳಿದ: "ಪ್ರೈವೇಟ್ ಲಿಮಿಟೆಡ್ ಮಾಡಿ ಚಿಕ್ಕಮ್ಮ. ಮರ್ಯಾದೆ ಜಾಸ್ತಿ." ಮಾಡಿದೆವು. ಅವಳೊಬ್ಬಳು ನಿರ್ದೇಶಕಿ, ನಾನೊಬ್ಬ ನಿರ್ದೇಶಕ. ಷೇರು ಅರ್ಧ ಅರ್ಧ. ಕಂಪನಿ ಹುಟ್ಟಲು ಏನೂ ಕಷ್ಟ ಆಗಲಿಲ್ಲ. ಮಗುವಿಗೆ 21 ಅಕ್ಷರದ ಒಂದು ಗುರುತು ಸಂಖ್ಯೆಯೂ ಬಂತು. ಕಷ್ಟ ಇರುವುದು ಅದನ್ನು ಸಾಕುವುದರಲ್ಲಿ ಅಂತ ಅಕ್ಕನ ಮಗ ಹೇಳಿರಲಿಲ್ಲ. ಹಪ್ಪಳ ಮುಗಿದ ಕೂಡಲೇ ಹೊರಟಿದ್ದ.

ಕಾನೂನಿನ ಪ್ರಕಾರ ನಾವು 'ಸಣ್ಣ ಕಂಪನಿ'. ನಮಗೆ ರಿಯಾಯಿತಿ ಉಂಟು. ಆದರೆ ಸಣ್ಣದು ಅಂದರೆ ಎಷ್ಟು ಸಣ್ಣದು? 2025ರ ಡಿಸೆಂಬರ್‌ನಿಂದ ಬಂಡವಾಳ 10 ಕೋಟಿ, ವಹಿವಾಟು 100 ಕೋಟಿ ದಾಟದಿದ್ದರೆ ಅದು ಸಣ್ಣ ಕಂಪನಿ. ಮಲ್ಪೆಯಲ್ಲಿ ಮೀನು ಹಿಡಿಯುವ ದೊಡ್ಡ ಪರ್ಸೀನ್ ಬೋಟೂ ದೋಣಿ, ಹೊಳೆಯಲ್ಲಿ ಗಾಳ ಹಾಕುವವನ ಪುಟ್ಟ ಪಾತಿಯೂ ದೋಣಿ ಅಂದ ಹಾಗೆ.

ಮಹಾಸಭೆಗೆ ಬರುವ. ಅದು ಬೆಳಿಗ್ಗೆ 9ರಿಂದ ಸಂಜೆ 6ರ ಒಳಗೇ ಆಗಬೇಕು. ರಾಷ್ಟ್ರೀಯ ರಜೆಯ ದಿನ ಮಾಡುವ ಹಾಗಿಲ್ಲ. ಗಾಂಧಿ ಜಯಂತಿಯಂದು ಗಂಡ ಹೆಂಡತಿ ಕೂತು ಹಪ್ಪಳದ ಲೆಕ್ಕ ನೋಡಿದರೆ ದೇಶಕ್ಕೆ ಎಂತ ತೊಂದರೆಯೋ ಗೊತ್ತಿಲ್ಲ. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಇಬ್ಬರು. ಅರ್ಧ ಗಂಟೆಯೊಳಗೆ ಇಬ್ಬರಾಗದಿದ್ದರೆ ಸಭೆ ಮುಂದಿನ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಹೋಗುತ್ತದೆ.

30ರಂದು 11 ಗಂಟೆಗೆ ನಾನು ಅಂಗಿ ಹಾಕಿಕೊಂಡು ಕೂತೆ. ಅವಳು ಅಧ್ಯಕ್ಷೆ. ಲೆಕ್ಕಪತ್ರ ಮಂಡಿಸಿದಳು. ನಾನು ಅನುಮೋದಿಸಿದೆ. ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಅಧ್ಯಕ್ಷೆ ಎದ್ದು ಹೋದರು, ಕೋರಂ ಬಿತ್ತು. ಗ್ಯಾಸ್ ಸಣ್ಣ ಮಾಡಿ ಬಂದರು, ಕೋರಂ ಎದ್ದಿತು. ಇದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಪುಟಕ್ಕೆ ನಂಬರ್ ಹಾಕಬೇಕು. 30 ದಿನದೊಳಗೆ ಸಹಿ ಆಗಬೇಕು. ಕುಕ್ಕರನ್ನು ಬರೆಯಲಿಲ್ಲ.

ಇದಕ್ಕಿಂತ ಮಜಾ ಇರುವುದು ಹೊಸ ಹಣಕಾಸು ವರ್ಷದ ಮೊದಲ ಬೋರ್ಡ್ ಮೀಟಿಂಗ್‌ನಲ್ಲಿ. ಅಲ್ಲಿ ಪ್ರತಿ ನಿರ್ದೇಶಕನೂ ತನಗೆ ಬೇರೆ ಎಲ್ಲೆಲ್ಲಿ ಹಿತಾಸಕ್ತಿ ಉಂಟು ಅಂತ ಬರೆದು ಕೊಡಬೇಕು. ಎಂಬಿಪಿ-1 ಅಂತ ಫಾರಂ. ಮದುವೆಯಾದಾಗಿನಿಂದ ಅವಳು ಬಾಯಲ್ಲಿ ಕೇಳುತ್ತಿದ್ದ ಪ್ರಶ್ನೆಗೆ ಸರಕಾರ ಫಾರಂ ಮಾಡಿಕೊಟ್ಟಿದೆ. 'ಇಲ್ಲ' ಅಂತ ಬರೆದು ಸಹಿ ಹಾಕಿದೆ. ಎರಡು ಸಲ ಓದಿದಳು. ಫೈಲಿಗೆ ಹಾಕಿದಳು.

ವ್ಯಾಪಾರ ಆಗಲಿ, ಆಗದಿರಲಿ, ಕಂಪನಿ ಅಂದ ಮೇಲೆ ಆಡಿಟ್ ಆಗಲೇಬೇಕು. ಮಹಾಸಭೆ ಮುಗಿದ 30 ದಿನದೊಳಗೆ ಲೆಕ್ಕಪತ್ರದ ಫಾರಂ ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರದ ಫಾರಂ ಎಂಜಿಟಿ-7ಎ ಸರಕಾರಕ್ಕೆ ಹೋಗಬೇಕು. ತಪ್ಪಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. 2018ರ ಜುಲೈಯಿಂದ ಹೀಗೆ. ಇದಕ್ಕೆ ಮಿತಿ ಇಲ್ಲ. ವರ್ಷ ಮರೆತರೆ ಎರಡೂ ಸೇರಿ 73,000. ನಮ್ಮ 25 ಹಪ್ಪಳದ ಕಟ್ಟಿಗೆ 100 ರೂಪಾಯಿ. ಅಂದರೆ ನಾವು ಮರೆತು ಮಲಗಿದಷ್ಟು ದಿನವೂ ಸರಕಾರ ದಿನಕ್ಕೆ 50 ಹಪ್ಪಳ ತಿನ್ನುತ್ತಾ ಇರುತ್ತದೆ. ನೆಂಟರೂ ಇಷ್ಟು ತಿನ್ನುವುದಿಲ್ಲ ಮಾರಾಯ್ರೆ.

ಇನ್ನು ಈ ಫಾರಂಗಳಿಗೆ ಪೆನ್ನಿನ ಸಹಿ ನಡೆಯುವುದಿಲ್ಲ. ಡಿಜಿಟಲ್ ಸಹಿ ಬೇಕು. ಅದು ಸಣ್ಣ ಪೆನ್‌ಡ್ರೈವಿನ ಹಾಗಿರುತ್ತದೆ. ನಮ್ಮದರ ಆಯುಸ್ಸು ಎರಡು ವರ್ಷ. ಎರಡು ವರ್ಷಕ್ಕೊಮ್ಮೆ ಅಧಿಕಾರ ಬದಲಾಗುವುದು ಉಡುಪಿಯವರಿಗೆ ಹೊಸತಲ್ಲ. ಆದರೆ ಕೃಷ್ಣಮಠದ ಪರ್ಯಾಯಕ್ಕೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ ಅಂತ ವರ್ಷದ ಮುಂಚೆಯೇ ತಯಾರಿ ಶುರುವಾಗುತ್ತದೆ. ಡಿಜಿಟಲ್ ಸಹಿ ಹಾಗಲ್ಲ. ಕಡೇ ದಿನ, ಜಡಿಮಳೆಯಲ್ಲಿ, ಕರೆಂಟು ಹೋಗಿ ಬಂದ ಮೇಲೆ, ಪೋರ್ಟಲ್ ಗಿರಗಿರ ತಿರುಗಿ ನಿಂತ ಮೇಲೆ, ನಿಮ್ಮ ಸಹಿಯ ಅವಧಿ ಮುಗಿದಿದೆ ಅನ್ನುತ್ತದೆ. ಹೊಸತು ಬೇಕಾದರೆ ಮೊಬೈಲ್ ಎದುರು ಪಾನ್ ಕಾರ್ಡ್ ಹಿಡಿದು ವಿಡಿಯೋದಲ್ಲಿ ಹೆಸರು ಹೇಳಬೇಕು. ನಾನು ಹೇಳುವಾಗ ಹಿಂದಿನಿಂದ ಹುಲಿವೇಷದ ತಾಸೆ ಕೇಳಿಸಿತು. ಹೊರಗೆ ಹುಲಿ ಕುಣಿಯುತ್ತಿತ್ತು. ಒಳಗೆ ನಾನು.

2019ರಲ್ಲಿ ಇನ್ನೊಂದು ಬಂದಿತ್ತು. ಕಂಪನಿ ನಿಜವಾಗಿಯೂ ಉಂಟಾ ಅಂತ ನೋಡಲು ಕಚೇರಿಯ ಫೋಟೋ ಕಳಿಸಬೇಕು. ಹೊರಗಿನದೊಂದು, ಒಳಗಿನದೊಂದು. ಒಳಗಿನದರಲ್ಲಿ ಒಬ್ಬ ನಿರ್ದೇಶಕನಾದರೂ ಇರಬೇಕು. ತಡವಾದರೆ 10,000 ರೂಪಾಯಿ. ಕಂಪನಿಯ ಹೆಸರು, ವಿಳಾಸ ಹೊರಗೆ ಬರೆಸಿರಬೇಕು, ಅದೂ ಆ ಊರಿನಲ್ಲಿ ನಡೆಯುವ ಅಕ್ಷರದಲ್ಲಿ ಅಂತ ಕಾನೂನು. ಬೋರ್ಡ್ ಬರೆಸಿ ದೃಷ್ಟಿಬೊಂಬೆಯ ಪಕ್ಕ ನೇತು ಹಾಕಿದೆವು. ಫೋಟೋ ತೆಗೆದಾಗ ಬೊಂಬೆಯೂ ಬಂತು. ಎರಡರಲ್ಲಿ ನಿರ್ದೇಶಕ ಯಾರು ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಜಿಎಸ್‌ಟಿಯಲ್ಲಿ ಹಪ್ಪಳಕ್ಕೆ ದೊಡ್ಡ ಸ್ಥಾನ ಉಂಟು. ತೆರಿಗೆ ಸೊನ್ನೆ. 2021ರಲ್ಲಿ ಉರುಟು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕ ಹಪ್ಪಳಕ್ಕೆ ಉಂಟು ಅಂತ ಒಂದು ಗಾಳಿಸುದ್ದಿ ಎದ್ದಿತು. ದೆಹಲಿಯ ತೆರಿಗೆ ಮಂಡಳಿಯೇ ಎದ್ದು ಬಂದು, ಯಾವ ಹೆಸರಿದ್ದರೂ ಯಾವ ಆಕಾರವಿದ್ದರೂ ಹಪ್ಪಳ ಹಪ್ಪಳವೇ ಅಂತ ಸ್ಪಷ್ಟ ಮಾಡಬೇಕಾಯಿತು. ಕೇಂದ್ರ ಸರಕಾರ ಹಪ್ಪಳದ ಪರವಾಗಿ ಮಾತಾಡಿದ್ದು ನೋಡಿ ನನ್ನ ಕಣ್ಣು ತುಂಬಿತು. ಆದರೆ ಅದೇ ನಿಯಮದ ಬಾಲದಲ್ಲಿ ಒಂದು ಮಾತು ಉಂಟು: ತಿನ್ನಲು ಬಡಿಸಿದರೆ ಈ ವಿನಾಯಿತಿ ಇಲ್ಲ. ಕಟ್ಟಿನಲ್ಲಿ ಇರುವಷ್ಟು ಹೊತ್ತು ಹಪ್ಪಳ ಮುಗ್ಧ. ಹೋಟೆಲಿನ ಬಾಳೆ ಎಲೆಗೆ ಬಿದ್ದರೆ ಕೆಟ್ಟಿತು.

ಉಪ್ಪಿನಕಾಯಿಗೆ ತೆರಿಗೆ ಉಂಟು, ಹಾಗಾಗಿ ರಿಟರ್ನ್ ನಮಗೂ ಉಂಟು. ಜನವರಿ, ಫೆಬ್ರವರಿಯಲ್ಲಿ ದಾಸ್ತಾನು ಖಾಲಿ. ಹಲಸಿಲ್ಲ, ಮಿಡಿಯಿಲ್ಲ, ವ್ಯಾಪಾರವಿಲ್ಲ. ಆಗಲೂ ಏನೂ ಇಲ್ಲ ಅಂತ ಹೇಳಬೇಕು. 14409 ನಂಬರಿಗೆ ಎಸ್‌ಎಂಎಸ್ ಕಳಿಸಿದರೂ ಆಗುತ್ತದೆ. 'ನಿಲ್' ಅಂತ ಹೊಡೆದರೆ ಅಲ್ಲಿಂದ ಒಂದು ಕೋಡ್ ಬರುತ್ತದೆ. ನೀವು ಹೇಳಿದ ಸೊನ್ನೆ ನಿಜವೇ ಅಂತ ದೃಢಪಡಿಸಲು. ಸೊನ್ನೆ ತಡವಾದರೆ ದಿನಕ್ಕೆ 20 ರೂಪಾಯಿ.

ರಾಜ್ಯದ್ದೂ ಒಂದು ಉಂಟು. ವೃತ್ತಿ ತೆರಿಗೆ. ವರ್ಷಕ್ಕೆ 2,500, ಕಂಪನಿಯ ಹೆಸರಲ್ಲಿ. ಕಂಪನಿಗೆ ಎಂತ ವೃತ್ತಿ? ಫಾರಂ ತುಂಬುವುದು ಇರಬೇಕು. ಒಂದು ಸಮಾಧಾನ ಅಂದರೆ ಈ 2,500ರ ಮಿತಿಯನ್ನು ಸಂವಿಧಾನವೇ ಹಾಕಿದೆ. 1988ರಲ್ಲಿ ತಿದ್ದುಪಡಿ ಮಾಡಿ 250ನ್ನು 2,500 ಮಾಡಿದ್ದು. ಆಮೇಲೆ ಮೀನು, ತೆಂಗಿನೆಣ್ಣೆ, ಬಸ್ಸಿನ ಟಿಕೆಟ್ ಎಲ್ಲ ಏರಿತು. ಇದೊಂದು ಅಲ್ಲೇ ಕೂತಿದೆ.

ಕಳೆದ ವರ್ಷ ನಮ್ಮ ಲಾಭ 41,000. ಅದರ ಮೇಲೆ ಆದಾಯ ತೆರಿಗೆ 10,000 ಚಿಲ್ಲರೆ. ಕೊಡುವುದಕ್ಕೆ ಬೇಜಾರಿಲ್ಲ. ಆದರೆ ಆ 10,000ವನ್ನು ಕ್ರಮಪ್ರಕಾರ ಕೊಡಲು ಆಡಿಟ್, ಫೈಲಿಂಗ್, ಸಹಿ ಅಂತ ಖರ್ಚಾದದ್ದು 38,000. ದಕ್ಷಿಣೆಗಿಂತ ತಟ್ಟೆಯ ಬಾಡಿಗೆ ಜಾಸ್ತಿ.

ಹಾಗಾದರೆ ಮುಚ್ಚಿಬಿಡಿ ಅನ್ನುತ್ತೀರಿ. ನಾನೂ ಸಭೆಯಲ್ಲಿ ಅದನ್ನೇ ಅಂದೆ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ವಿವರಿಸಿದಳು. ಸರಕಾರದ ಪಟ್ಟಿಯಿಂದ ಹೆಸರು ತೆಗೆಸಬೇಕಾದರೆ ಮೊದಲು ಎರಡು ವರ್ಷ ಕಂಪನಿ ಯಾವ ವ್ಯವಹಾರವನ್ನೂ ಮಾಡಿರಬಾರದು. ಆ ಎರಡು ವರ್ಷವೂ ಏನೂ ಮಾಡಿಲ್ಲ ಅಂತ ಆಡಿಟ್ ಮಾಡಿಸಿ, ಮಹಾಸಭೆ ಕರೆದು, ಫಾರಂ ಹಾಕುತ್ತಾ ಇರಬೇಕು. ಹಳೆಯ ಬಾಕಿ ಎಲ್ಲ ಚುಕ್ತಾ ಆಗಿರಬೇಕು. ಆಮೇಲೆ ಎಸ್‌ಟಿಕೆ-2 ಅರ್ಜಿ. ಅದಕ್ಕೆ ಶುಲ್ಕ 10,000.

"ಆಗಲಿ, ಈಗಲೇ ನಿರ್ಣಯ ಮಾಡುವ" ಅಂದೆ.

"ಅದು ಇವತ್ತಿನ ನೋಟಿಸಿನಲ್ಲಿಲ್ಲ. ಹೊಸ ನೋಟಿಸ್ ಕೊಡಬೇಕು. 21 ದಿನ."

"ಕೊಡು ಮತ್ತೆ."

"ನಾನೊಬ್ಬಳೇ ಹೇಗೆ ಕೊಡಲಿ? ಮೊದಲು ಬೋರ್ಡ್ ಮೀಟಿಂಗ್ ಆಗಬೇಕು. ಅದಕ್ಕೆ ಏಳು ದಿನದ ನೋಟಿಸ್."

11.25ಕ್ಕೆ ಅಧ್ಯಕ್ಷರಿಗೆ ವಂದನೆಯೊಂದಿಗೆ ಸಭೆ ಮುಗಿಯಿತು. ಒಳಗಿನಿಂದ "ಕುಕ್ಕರ್ ಇಳಿಸಿ" ಅಂತ ಕೇಳಿತು. ಇಳಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಮಡಚಿದ ಒಂದು ಕಾಗದ ಇತ್ತು. ಅದರ ಮೇಲೆ, ಗಾಳಿಗೆ ಹಾರದ ಹಾಗೆ, ಎರಡು ಹಪ್ಪಳ. ಬಡಿಸಿದ ಹಪ್ಪಳ. ತೆರಿಗೆಯ ಮಾತೆತ್ತದೆ ಬೇಗ ಬೇಗ ತಿಂದು ಮುಗಿಸಿದೆ.